ಓವನ್ ಕೊಟ್ಟೆವು, ಬೀದಿ ನೋಡಲಿಲ್ಲ

ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಸಾನ್ ಪೆದ್ರೋ ಸುಲಾ ನಗರದಲ್ಲಿ ಎರಡು ವರ್ಷ ಒಂದು ನೆರವು ಯೋಜನೆಯಲ್ಲಿದ್ದೆ. ಕೊಟ್ಟ ದುಡ್ಡಿನಿಂದ ಜನರಿಗೆ ಏನಾಯ್ತು ಅಂತ ಮನೆಮನೆಗೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಅಲ್ಲಿ ಒಂದು ಮನೆಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಬರೆದಿಡುತ್ತಿದ್ದೇನೆ. ಇಂಥ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗ ಆದೀತು.

ಹಿನ್ನೆಲೆ ಇಷ್ಟು. 2014ರಲ್ಲಿ ದೊಡ್ಡವರು ಯಾರೂ ಜೊತೆಗಿಲ್ಲದೆ ಅಮೆರಿಕದ ದಕ್ಷಿಣ ಗಡಿಯಲ್ಲಿ ಸಿಕ್ಕ ಮಕ್ಕಳೇ 68,000ಕ್ಕೂ ಜಾಸ್ತಿ. ಬಹುಪಾಲು ಮಕ್ಕಳು ಹೊಂಡುರಾಸ್, ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ನವರು. ಊರಲ್ಲಿ ದುಡಿಮೆ ಇದ್ದು, ಭಯ ಇಲ್ಲದಿದ್ದರೆ ಇವರು ಯಾಕೆ ಬರುತ್ತಿದ್ದರು ಅನ್ನುವ ಮಾತು ವಾಷಿಂಗ್ಟನ್‌ನಲ್ಲಿ ಶುರುವಾಯ್ತು. 2016ರ ಬಜೆಟ್‌ನಲ್ಲಿ ಮಧ್ಯ ಅಮೆರಿಕಕ್ಕೆ 75 ಕೋಟಿ ಡಾಲರ್‌ವರೆಗೆ ಎತ್ತಿಟ್ಟರು. ಮಾತು ಸರಿಯೇ ಇತ್ತು. ಆದರೆ ಕೆಲಸಕ್ಕೆ ಇಳಿದಾಗ ದುಡಿಮೆ ನೋಡುವವರು ಒಂದು ಕಡೆ, ಭಯ ನೋಡುವವರು ಇನ್ನೊಂದು ಕಡೆ ಆದೆವು. ನಮ್ಮದು ದುಡಿಮೆಯ ತಂಡ.

ಊರಂಚಿನ ಒಂದು ಬಡಾವಣೆ. ಅಲ್ಲಿಗೆ ಹೋಗುವಾಗ ಕಾರಿನ ಗಾಜು ಇಳಿಸಬೇಕು. ಬೀದಿ ತುದಿಯಲ್ಲಿ ಕೂತ ಹುಡುಗರಿಗೆ ನಮ್ಮ ಮುಖ ಕಾಣಬೇಕು. ಈ ಹುಡುಗರಿಗೆ ಅಲ್ಲಿ 'ಬಂದೇರಾ' ಅನ್ನುತ್ತಾರೆ, ಬಾವುಟ ಅಂತ ಅರ್ಥ. ಯಾರು ಬಂದರು, ಯಾರು ಹೋದರು ಅಂತ ಗ್ಯಾಂಗ್‌ಗೆ ಸುದ್ದಿ ಮುಟ್ಟಿಸುವುದು ಇವರ ಕೆಲಸ.

ಅಲ್ಲೊಬ್ಬ ಹೆಂಗಸು ಹಿತ್ತಲಿನ ಮಣ್ಣಿನ ಒಲೆಯಲ್ಲಿ ಸೆಮಿತಾ ಅನ್ನುವ ಸಿಹಿ ಬನ್ ಸುಟ್ಟು, ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಮಾರುತ್ತಿದ್ದರು. ನಾವು ಗ್ಯಾಸ್ ಓವನ್ ಕೊಟ್ಟೆವು, ಹಿಟ್ಟು ಕಲೆಸುವ ಮಷೀನ್ ಕೊಟ್ಟೆವು. ಬಾಗಿಲ ಮೇಲೆ ನಮ್ಮ ಯೋಜನೆಯ ಹೆಸರಿದ್ದ ಬೋರ್ಡ್ ಹಾಕಿ ಫೋಟೋನೂ ತೆಗೆದೆವು. ಮೂರನೇ ತಿಂಗಳು ಹೋದಾಗ ವ್ಯಾಪಾರ ದುಪ್ಪಟ್ಟಾಗಿತ್ತು. ನನ್ನ ಫಾರಂನಲ್ಲಿ 'ಯಶಸ್ವಿ' ಅಂತ ಬರೆದೆ. ಅವರು ಬಿಸಿ ಸೆಮಿತಾ ಕೊಟ್ಟರು, ಆದರೆ ನನ್ನ ಜೊತೆ ಕೂರಲಿಲ್ಲ. ಮಾತಾಡುವಾಗೆಲ್ಲ ಬಾಗಿಲ ಕಡೆಯೇ ನೋಡುತ್ತಿದ್ದರು. ಯಾಕೆ ಅಂತ ಕೇಳಬೇಕಿತ್ತು. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ, ನಾನೂ ಕೇಳಲಿಲ್ಲ.

ಆರನೇ ತಿಂಗಳು ಹೋದಾಗ ಮನೆಗೆ ಬೀಗ. ಪಕ್ಕದ ಮನೆಯವರು ದನಿ ತಗ್ಗಿಸಿ ಹೇಳಿದರು. ಬೋರ್ಡ್ ಹಾಕಿದ ಕೆಲವೇ ವಾರಕ್ಕೆ ಒಬ್ಬ ಹುಡುಗ ಬಂದು ಫೋನ್ ಕೈಗಿಟ್ಟನಂತೆ. ಆ ಕಡೆಯಿಂದ ಒಂದು ದನಿ ವಾರಕ್ಕೆ ಇಷ್ಟು ಲೆಂಪಿರಾ (ಅಲ್ಲಿನ ದುಡ್ಡು) ಕೊಡಬೇಕು ಅಂತ ಹೇಳಿತಂತೆ. ನಮ್ಮಲ್ಲಿ ಹಫ್ತಾ ಅಂತೀವಲ್ಲ, ಅದಕ್ಕೆ ಅಲ್ಲಿ 'ಯುದ್ಧ ತೆರಿಗೆ' ಅನ್ನುತ್ತಾರೆ. ಕೊಡುತ್ತಾ ಹೋದರು. ಮೊತ್ತ ಏರುತ್ತಾ ಹೋಯ್ತು. ಆಮೇಲೆ ಗ್ಯಾಂಗ್‌ನವರು ಹದಿನಾರರ ಮಗನನ್ನೇ ತಮಗೆ ಕೊಡು ಅಂದರು. ಅವತ್ತು ರಾತ್ರಿಯೇ ಇಬ್ಬರೂ ಉತ್ತರಕ್ಕೆ ಹೊರಟರು.

ಕೆಲವು ದಿನದ ಮೇಲೆ ಅವರೇ ಮೆಕ್ಸಿಕೋದಿಂದ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. "ಮಿಹಾ, ಓವನ್ ಹಾಗೇ ಇದೆ, ಯಾರಿಗಾದ್ರೂ ಕೊಡು" ಅಂದರು. ಮಿಹಾ ಅಂದರೆ ಮಗಳೇ.

ಮಣ್ಣಿನ ಒಲೆ ಇದ್ದಾಗ ಆ ಮನೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಣ್ಣಿಗೆ ಬೀಳುವಂತೆ ಮಾಡಿದ್ದು ನಾವು. ಅಲ್ಲಿನ ದೊಡ್ಡ ಗ್ಯಾಂಗ್‌ಗಳಾದ ಎಂಎಸ್-13, ಬಾರಿಯೋ 18 ಎರಡೂ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ. 1990ರ ದಶಕದಲ್ಲಿ ಅಮೆರಿಕ ಗಡೀಪಾರು ಮಾಡಿದವರ ಜೊತೆ ಹೊಂಡುರಾಸ್‌ಗೆ ಬಂದು ಬೇರು ಬಿಟ್ಟವು. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಆದರೂ ಒಂದು ಬೋರ್ಡ್ ಏನು ಮಾಡಬಹುದು ಅಂತ ಹೊಳೆಯಲಿಲ್ಲ.

ಆಮೇಲೆ ಬೋರ್ಡ್ ಹಾಕುವುದನ್ನೇ ನಿಲ್ಲಿಸಿದೆವು. ಓವನ್ ಕೊಡುವ ಮೊದಲು, ಆ ಬೀದಿಯಲ್ಲಿ ಹುಡುಗರ ಜೊತೆ ಕೆಲಸ ಮಾಡುವ ತಂಡದವರನ್ನು ಕೇಳತೊಡಗಿದೆವು. ಅವರದು ಸಣ್ಣ ಕೆಲಸ ಅನಿಸುತ್ತಿತ್ತು ನನಗೆ: ಬೀದಿ ದೀಪ, ಫುಟ್‌ಬಾಲ್ ಮೈದಾನ, ಶಾಲೆ ಬಿಟ್ಟ ಮೇಲೆ ಹುಡುಗರು ಕೂರುವುದಕ್ಕೊಂದು ಜಾಗ. ಆದರೆ ಯಾವ ಬೀದಿಯಲ್ಲಿ ಅಂಗಡಿ ಉಳಿಯುತ್ತದೆ ಅಂತ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. 2011ರಲ್ಲಿ ಹೊಂಡುರಾಸ್‌ನಲ್ಲಿ ಲಕ್ಷ ಜನಕ್ಕೆ 80ಕ್ಕೂ ಹೆಚ್ಚು ಕೊಲೆ ಆಗುತ್ತಿದ್ದವು. 2018ರ ಹೊತ್ತಿಗೆ ಅದು ಅರ್ಧದಷ್ಟಾಗಿತ್ತು. ಇದಕ್ಕೆ ಕಾರಣ ಹಲವು, ನಮ್ಮ ಓವನ್ ಅಂತೂ ಅಲ್ಲ.

ಇನ್ನೊಂದು ಮಾತನ್ನೂ ಮೇಲಿನವರಿಗೆ ಬಿಡಿಸಿ ಹೇಳಬೇಕಾಯ್ತು. ಕೈಯಲ್ಲಿ ನಾಲ್ಕು ಕಾಸು ಬಂದ ತಕ್ಷಣ ಜನ ಊರಲ್ಲೇ ನಿಲ್ಲುತ್ತಾರೆ ಅಂತಿಲ್ಲ. ಗಡಿ ದಾಟಿಸುವ ದಲ್ಲಾಳಿಗೆ, ಅಂದರೆ ಕೊಯೊಟೆಗೆ, ಸಾವಿರಾರು ಡಾಲರ್ ಬೇಕು. ತೀರಾ ಬಡವರಿಗೆ ಅಷ್ಟು ಹುಟ್ಟುವುದೇ ಇಲ್ಲ; ಸ್ವಲ್ಪ ಕಾಸು ಕೈಗೆ ಬಂದ ಮೇಲೆಯೇ ಹೊರಡುವವರೂ ಇರುತ್ತಾರೆ. ಜಮೀನು ಅಡ ಇಟ್ಟು ಹೋದವರನ್ನು ವಿಮಾನದಲ್ಲಿ ವಾಪಸ್ ಕಳಿಸಿದರೂ ಸಾಲ ಹಾಗೇ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಶೂಗೆ ಲೇಸ್ ಇಲ್ಲದೆ ಇಳಿದು ಬಂದ ಒಬ್ಬರನ್ನು ಮುಂದೇನು ಅಂತ ಕೇಳಿದೆ. "ಸಾಲ ತೀರಿಸೋಕೆ ಮತ್ತೆ ಹೋಗ್ಲೇಬೇಕಲ್ವಾ" ಅಂದರು.

ಓವನ್ ಆ ಬಡಾವಣೆಯ ಶಾಲೆಯಲ್ಲಿದೆ. ಈಗ ನನ್ನ ಫಾರಂನಲ್ಲಿ ಆದಾಯದ ಪ್ರಶ್ನೆಗಿಂತ ಮೊದಲು ಇನ್ನೊಂದು ಇದೆ: ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕ್ತೀರಿ, ಯಾಕೆ?