ಮಾರಿಕಣಿವೆ ಹಿನ್ನೀರಲ್ಲಿ ಎರಡು ರಾತ್ರಿ, ಒಂದು ಬಕೆಟ್

ಅಮ್ಮನಿಗೆ ಸಿಟ್ಟು ಬಂದಿದ್ದು ಬಕೆಟ್ ನೋಡಿ ಅಲ್ಲ, ಬಕೆಟ್ ಮೇಲೆ ಮಂಡಕ್ಕಿ ಚೀಲ ಇಟ್ಟಿದ್ದು ನೋಡಿ. ಕಾರಿನ ಡಿಕ್ಕಿಯಲ್ಲಿ 20 ಲೀಟರಿನ ಎರಡು ಬಕೆಟ್, ಮುಚ್ಚಳ ಸಮೇತ. 5 ಲೀಟರಿನ ಖಾಲಿ ಎಣ್ಣೆ ಕ್ಯಾನು. ಕಮೋಡಿನ ಪ್ಲಾಸ್ಟಿಕ್ ಸೀಟು. ಹಳೇ ಕಂಪ್ಯೂಟರಿನಿಂದ ಬಿಚ್ಚಿದ ಪುಟಾಣಿ ಫ್ಯಾನು. ನಾಲ್ಕು ಮೊಳ ಪೈಪು. ಎಲ್ಲ ಹೊಸಾವು, ಇನ್ನೂ ಯಾರೂ ಕೂತಿಲ್ಲ ಅಂತ ತಮ್ಮ ಎಷ್ಟು ಹೇಳಿದರೂ ಕೇಳದೆ ಮಂಡಕ್ಕಿ ಚೀಲ ಎತ್ತಿ ನನ್ನ ತೊಡೆ ಮೇಲೆ ಕೂರಿಸಿದಳು. "ಹೊಸಾದಾದ್ರೇನು, ಹುಟ್ಟಿದ್ದು ಯಾತಕ್ಕೆ ಅಂತ ಗೊತ್ತೈತಲ್ಲ."

ತಮ್ಮ ಅಂದರೆ ಚಿಕ್ಕಪ್ಪನ ಮಗ. ಇಂಗ್ಲೆಂಡಿನಲ್ಲಿ ಕೆಲಸ. ಅಲ್ಲಿ ಮನೆ ಬಾಡಿಗೆ ಕಟ್ಟಿ ಸುಸ್ತಾಗಿ, ಮೂರು ವರ್ಷದಿಂದ ಕಾಲುವೆಯ ಉದ್ದುದ್ದ ದೋಣಿಯಲ್ಲಿ ಸಂಸಾರ. ಅಗಲ 6 ಅಡಿ 10 ಇಂಚು. ದೋಣಿಯನ್ನು ಏರಿಸಿ ಇಳಿಸುವ ಕಾಲುವೆಯ ಹಳೇ ಗೇಟುಕಟ್ಟೆಗಳಲ್ಲಿ (ಲಾಕು) ಅದಕ್ಕಿಂತ ಅಗಲದ್ದು ನುಗ್ಗುವುದಿಲ್ಲ. ಸ್ವಂತ ತಂಗುದಾಣ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ದೊಂಬರಾಟದವರ ಹಾಗೆ ಊರೂರು ತಿರುಗೋದು ಅಂತ ಚಿಕ್ಕಪ್ಪ ಬೈಯುತ್ತಾರೆ. ಆ ದೋಣಿಯಲ್ಲಿ ಅವನು ಕಲಿತ ವಿದ್ಯೆಯೇ ಈ ಬಕೆಟ್ಟು, ಅಂದರೆ ನೀರು ಹಾಕದ ಒಣ ಕಕ್ಕಸು. ಈ ಸಲ ರಜೆಗೆ ಬಂದವನಿಗೆ ಹೊಸದುರ್ಗದ ಮಾವನ ಫೋನು ಬಂದಿತ್ತು: ತೋಟದ ಪಾಯಖಾನೆ ಕೈ ಕೊಟ್ಟಿದೆ, ಏನಾದರೂ ಉಪಾಯ ಮಾಡು.

ನೆಟ್ಟಗೆ ಚಿತ್ರದುರ್ಗದ ಹೆದ್ದಾರಿ ಹಿಡಿಯಬಹುದಿತ್ತು. ತಮ್ಮನಿಗೆ ಸೂಳೆಕೆರೆ ನೋಡುವ ಆಸೆ, ತ್ಯಾವಣಿಗೆ ಕಡೆಯಿಂದ ಹೊರಟೆವು. 12ನೇ ಶತಮಾನದ ಕೆರೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಇಷ್ಟು ದೊಡ್ಡ ನೀರು ನಿಲ್ಲಿಸಿದ್ದಾರೆ. ಶಾಂತಿಸಾಗರ ಅಂತ ಬೋರ್ಡಿನಲ್ಲಿದೆ, ಬಾಯಲ್ಲಿ ಯಾರಿಗೂ ಇಲ್ಲ. ಏರಿಯ ಮೇಲೆ ನಿಂತು ನಾನು, ಕೆರೆ ಕಟ್ಟಿಸಿದಳು ಅನ್ನುವ ಶಾಂತವ್ವನ ಕಥೆ ಶುರು ಮಾಡಿದೆ. ಅವನ ಕಣ್ಣು ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದವನ ಮೇಲೆ. ದಡಕ್ಕೆ ಬಂದಾಗ ಕೇಳಿಯೇ ಬಿಟ್ಟ: "ಇಡೀ ದಿನ ನೀರಾಗೇ ಇರ್ತೀರಲ್ಲ, ಅರ್ಜೆಂಟಾದ್ರೆ ಎಲ್ಲಿಗೆ ಹೋಗ್ತೀರಿ?" ಆತ ಮಾತಾಡದೆ ಹುಟ್ಟು ಎತ್ತಿ ದಡದ ಲಂಟಾನ ಪೊದೆ ತೋರಿಸಿದ. ಆಮೇಲೆ ಹೇಳಿದ, "ನೀರಿಗೆ ಬಿಡಂಗಿಲ್ಲ. ದುರ್ಗದೋರು ಕುಡಿಯೋದು ಇದನ್ನೇ."

ಮಾತು ನಿಜ. ಚಿತ್ರದುರ್ಗದ ನಲ್ಲಿಗಳಿಗೆ ಈ ಕೆರೆಯ ನೀರು ಹೋಗುತ್ತದೆ.

ಸಂತೆಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಮುಗಿಸಿದೆವು. ಚಿಕ್ಕಜಾಜೂರಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಮುಗಿಯುವ ತನಕ ತಮ್ಮನ ಪಾಠ. ಮೊದಲು ರೈಲಿನ ಸಂಡಾಸು ಅಂದರೆ ಹಳಿ ಕಾಣುವ ತೂತು. ಈಗ ಬೋಗಿಯ ಅಡಿಗೆ ಬಯೋ ಟಾಯ್ಲೆಟ್ ತೊಟ್ಟಿ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿ ಇಲ್ಲದೆ, ನೀರಲ್ಲೇ ಮಲವನ್ನು ಕರಗಿಸುತ್ತವೆ. ಬಕೆಟ್ಟಿನದು ತಿರುಗಾಮುರುಗ: ಅದಕ್ಕೆ ಗಾಳಿ ಬೇಕು, ನೀರು ಸೋಕಬಾರದು. "ಅದು ಗೋಬರ್ ಗ್ಯಾಸ್ ಇದ್ದಂಗ, ಇದು ತಿಪ್ಪೆ ಇದ್ದಂಗ" ಅಂದೆ. ಮೂರು ವರ್ಷದಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲವಂತೆ.

ಹೊಳಲ್ಕೆರೆಯ ಬಯಲು ಗಣಪತಿಗೆ ಕಾರಿನಿಂದಲೇ ಕೈ ಮುಗಿದು ಹೊಸದುರ್ಗದ ದಾರಿ ಹಿಡಿದೆವು. ಗುಡ್ಡದ ಮೇಲೆಲ್ಲ ಗಾಳಿಯಂತ್ರ, ಕೆಳಗೆಲ್ಲ ತೆಂಗು. ರಸ್ತೆ ಪಕ್ಕದ ನಾರಿನ ಫ್ಯಾಕ್ಟರಿಯೊಂದರ ಮುಂದೆ ಕಾರು ನಿಲ್ಲಿಸಲು ಹೇಳಿದ. ಒಂದು ಕಡೆ ಕಾಯಿ ಸಿಪ್ಪೆಯ ಗುಡ್ಡ, ಇನ್ನೊಂದು ಕಡೆ ನಾರು ಬಿಡಿಸಿದ ಮೇಲೆ ಉಳಿದ ಕಂದು ಪುಡಿಯ ಗುಡ್ಡ. ಹಿಂದೆಲ್ಲ ಈ ಪುಡಿಯನ್ನು ಸುಟ್ಟು ಹಾಕುತ್ತಿದ್ದರು. ಈಗ ತೊಳೆದು ಉಪ್ಪಿನಂಶ ಇಳಿಸಿ, ಒಣಗಿಸಿ, ಒತ್ತಿ ಇಟ್ಟಿಗೆ ಮಾಡಿ ಪರದೇಶಕ್ಕೆ ಕಳಿಸುತ್ತಾರೆ. 650 ಗ್ರಾಮಿನ ಒಂದು ಇಟ್ಟಿಗೆಗೆ ನೀರು ಕುಡಿಸಿದರೆ ಉಬ್ಬಿ ಹೆಚ್ಚುಕಡಿಮೆ ಅರ್ಧ ಬಕೆಟ್ ತುಂಬುತ್ತದೆ. ತಮ್ಮ ತನ್ನ ದೋಣಿಯ ಕಕ್ಕಸಿಗೆ ಹಾಕುವುದು ಇದನ್ನೇ. ಅವನು ತರುವ ಪೊಟ್ಟಣದ ಮೇಲೆ ಭಾರತದ ಉತ್ಪನ್ನ ಅಂತಲೇ ಇರುತ್ತದಂತೆ. ಅಲ್ಲಿ ಪೌಂಡು ಕೊಟ್ಟು ಕೊಳ್ಳುವುದನ್ನು ಇಲ್ಲಿನ ಮಾಲೀಕರು ಎರಡು ಗೊಬ್ಬರದ ಚೀಲದಲ್ಲಿ ಬಿಟ್ಟಿ ತುಂಬಿಕೊಟ್ಟರು. ಯಾತಕ್ಕೆ ಅಂತ ಕೇಳಿದರು. "ಹೂವಿನ ಕುಂಡಕ್ಕೆ" ಅಂದುಬಿಟ್ಟೆ.

ಮಾವನ ಊರಿನ ಹೆಸರು ಬರೆಯಬೇಡ ಅಂತ ಅತ್ತೆಯ ಆಜ್ಞೆ. ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನಲ್ಲಿದೆ ಅಂದರೆ ಸಾಕು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅದರ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ಟರೆ 89 ವರ್ಷ ತುಂಬಲೇ ಇಲ್ಲ. ನೀರು ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಎರಡು ತಲೆಮಾರು ಅಂಚಿನವರೆಗೂ ತೋಟ ಮಾಡಿದರು. 2022ರ ಸೆಪ್ಟೆಂಬರಿನಲ್ಲಿ ವೇದಾವತಿ ಹೊಳೆ ತನ್ನ ಜಾಗ ಕೇಳಿಕೊಂಡು ಬಂದಳು. 2025ರ ಜನವರಿಯಲ್ಲಿ ಮತ್ತೆ. ನಾವು ಹೋಗಿದ್ದು ಅದರ ಮುಂದಿನ ತಿಂಗಳು. ಹಿರಿಯೂರು ಸೀಮೆಯವರು ಬಾಗಿನ ಬಿಟ್ಟು ಕುಣಿದಾಡುತ್ತಿದ್ದ ಹೊತ್ತಿಗೆ ಮಾವನ ತೋಟ ದ್ವೀಪವಾಗಿತ್ತು.

ದ್ವೀಪದ ದಿಬ್ಬದ ಮೇಲೆ ಪಂಪ್‌ಸೆಟ್ ಮನೆ, ಅದರ ಹಿಂದೆ ಎರಡು ಗುಂಡಿಯ ಶೌಚಾಲಯ. ಗುಂಡಿ ಪಾಯಖಾನೆ ಕೆಲಸ ಮಾಡುವುದೇ ನೀರು ಮಣ್ಣಿಗೆ ಇಂಗುವುದರಿಂದ. ಮಣ್ಣೇ ನೀರು ಕುಡಿದು ತುಂಬಿದ್ದರೆ ಇಂಗುವುದೆಲ್ಲಿಗೆ? ಒಂದು ಚೊಂಬು ಹಾಕಿದರೆ ಎರಡು ಚೊಂಬು ಮೇಲೆ ಬರುತ್ತಿತ್ತು. ಮೇಲೆ ಬಾರದ್ದು ಪಕ್ಕದ ಹಿನ್ನೀರಿಗೆ ಸೇರುತ್ತಿತ್ತು, ಅದೂ ಕುಡಿಯುವ ನೀರೇ. ಮುಳುಗಿದ ಹೊಲಗಳ ಹಾವು ಚೇಳೆಲ್ಲ ದಿಬ್ಬ ಹತ್ತಿದ್ದರಿಂದ ಮಾವ ಪಂಪ್‌ಸೆಟ್ ಮನೆಯಲ್ಲಿ ಮಲಗುವುದನ್ನೂ ಬಿಟ್ಟಿದ್ದರು. ಎಂಟು ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ ಬಿದಿರು ಕಟ್ಟಿ, ಅಡಿಕೆ ದಬ್ಬೆ ಹಾಸಿ, ತಗಡು ಹೊದೆಸಿದ ತೆಪ್ಪವೇ ಅವರ ರಾತ್ರಿ ಮನೆ. ತಮ್ಮ ಅದನ್ನು ನೋಡಿದ್ದೇ, ತನ್ನ ದೋಣಿಗಿಂತ ಅಗಲವಾಗಿದೆ ಅಂತ ಖುಷಿಪಟ್ಟ.

ತೆಪ್ಪದ ಹಿಂದಿನ ಮೂಲೆಗೆ ಗೋಣಿತಾಟಿನ ಮರೆ ಕಟ್ಟಿ ಕೆಲಸ ಶುರುವಾಯಿತು. ಇದರ ಗುಟ್ಟೆಲ್ಲ ಬೇರ್ಪಡಿಸುವುದರಲ್ಲಿದೆ. ಸೀಟಿನ ಮುಂಭಾಗಕ್ಕೆ ಕ್ಯಾನು ಕತ್ತರಿಸಿ ಮಾಡಿದ ಆಳಿಕೆ. ಉಚ್ಚೆ ಅದರಿಂದ ಇಳಿದು ಇನ್ನೊಂದು ಮುಚ್ಚಿದ ಕ್ಯಾನಿಗೆ. ಹಿಂಭಾಗದ್ದು ಬಕೆಟ್ಟಿಗೆ. ಎರಡೂ ಬೆರೆತರೆ ಉಚ್ಚೆಯಲ್ಲಿನ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಒದ್ದೆಯಾದ ರಾಶಿಗೆ ಗಾಳಿ ಸಿಗದೆ ಕೊಳೆಯುತ್ತದೆ. ನಾವು ಕಕ್ಕಸಿನ ವಾಸನೆ ಅನ್ನುವುದು ಈ ಜೋಡಿಯನ್ನೇ. ಬಕೆಟ್ಟಿನ ತಳಕ್ಕೆ ನಾಲ್ಕು ಬೆರಳು ನಾರಿನ ಪುಡಿ. ಹದ ಎಷ್ಟಿರಬೇಕು ಅಂತ ಕೇಳಿದ್ದಕ್ಕೆ ಒಂದು ಹಿಡಿ ಎತ್ತಿ ಹಿಂಡಿ ತೋರಿಸಿದ: ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. "ಮಂಡಕ್ಕಿ ಒಗ್ಗರಣೆಗೆ ನೆನೆಸಿ ಹಿಂಡೋ ಹದ" ಅಂದ. ಆಮೇಲೆ ನನಗೆ ಮಂಡಕ್ಕಿ ಸೇರಿದ್ದು ಊರಿಗೆ ಮರಳಿದ ಮೇಲೇ.

ಅಂಗಡಿಯ ದುಬಾರಿ ಮಾದರಿಗಳಲ್ಲಿ ಕಲಕಲು ಹಿಡಿಕೆ ಇರುತ್ತದೆ, ಕೂತು ಎದ್ದ ಮೇಲೆ ನಾಲ್ಕೈದು ಸುತ್ತು. ನಮ್ಮದರಲ್ಲಿ ಹಿಡಿಕೆಯ ಬದಲು ತೆಂಗಿನ ಚಿಪ್ಪು: ಪ್ರತಿ ಸಲ ಒಂದು ಚಿಪ್ಪು ಪುಡಿ ಮೇಲೆ ಉದುರಿಸಬೇಕು. 12 ವೋಲ್ಟಿನ ಫ್ಯಾನನ್ನು ಮಾವನ ಸೋಲಾರ್ ದೀಪದ ಬ್ಯಾಟರಿಗೆ ಸಿಕ್ಕಿಸಿ, ಬಕೆಟ್ಟಿನ ಗಾಳಿಯನ್ನು ಪೈಪಿನಲ್ಲಿ ತಗಡಿನಾಚೆ ಕಳಿಸಿದೆವು. ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು, ಇಲ್ಲದಿದ್ದರೆ ಗುಂಗಾಡು ನೊಣ ಒಳಗೆ ಸಂಸಾರ ಹೂಡುತ್ತವೆ. ಅವನ ದೋಣಿಯಲ್ಲಿ ಮೊದಲ ಬೇಸಿಗೆ ಅದೇ ಆಗಿತ್ತು. ಊಟದ ತಟ್ಟೆಯ ತನಕ ಬಂದಿದ್ದವಂತೆ.

ಮಾವ ಸುತ್ತು ಹಾಕಿ ನೋಡಿ ಎರಡು ಆಕ್ಷೇಪ ತೆಗೆದರು. ಒಂದು, ಗಂಡಸರೂ ಕೂತೇ ಮಾಡಬೇಕಾ? ಹೌದು, ನಿಂತರೆ ಗುರಿ ತಪ್ಪುತ್ತದೆ, ತೆಪ್ಪ ಓಲಾಡುತ್ತಿರುತ್ತದೆ. ಗೊಣಗಿದರೂ ಒಪ್ಪಿದರು. ಎರಡನೆಯದಕ್ಕೆ ತಮ್ಮನ ಬಾಯಿ ಕಟ್ಟಿತು. "ತೊಳಕಣದು ಎಲ್ಲಿ?"

ಕಾಗದದಲ್ಲಿ ಒರೆಸಿಕೊಳ್ಳುವವರು ಮಾಡಿದ ಯಂತ್ರದಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ತಮ್ಮನೂ ಅಲ್ಲಿ ಕಾಗದಕ್ಕೆ ಒಗ್ಗಿಕೊಂಡಿದ್ದ. ನಮ್ಮ ದೇಶದಲ್ಲಿ ಕಟ್ಟುವ ಒಣ ಶೌಚಾಲಯಗಳಲ್ಲಿ ಇದಕ್ಕೇ ಅಂತ ಮೂರನೇ ಕಿಂಡಿ ಇಡುತ್ತಾರೆ: ಮಲಕ್ಕೊಂದು, ಮೂತ್ರಕ್ಕೊಂದು, ತೊಳೆದ ನೀರಿಗೊಂದು, ಆ ನೀರು ಬಾಳೆಯ ಬುಡಕ್ಕೆ ಹೋಗುತ್ತದೆ. ನಾವು ಎರಡನೇ ಬಕೆಟ್ಟನ್ನು ಪಕ್ಕದಲ್ಲಿಟ್ಟು, ಮೇಲೆ ಎರಡು ದಬ್ಬೆ ಬಡಿದೆವು. ಇಲ್ಲಿ ಎದ್ದು ಅಲ್ಲಿ ಕೂತು ತೊಳೆದುಕೊಳ್ಳುವುದು. ಎರಡು ಹೆಜ್ಜೆ ದೂರ ಅಷ್ಟೇ. ಆ ಎರಡು ಹೆಜ್ಜೆಯನ್ನೇ ನಾನು ಮರೆತದ್ದು.

ಮೊದಲ ರಾತ್ರಿ ಗಾಳಿ ಜೋರಾಗಿತ್ತು. ಗುಡ್ಡದ ಮೇಲೆ ಆ ಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಡ್ರಮ್ಮುಗಳ ಅಡಿಯಲ್ಲಿ ನೀರು ಗುಳುಗುಳು ಅನ್ನುತ್ತಿತ್ತು, ಕತ್ತಲಲ್ಲಿ ಮುಳುಗಿದ ತೆಂಗಿನ ಬೋಳು ಕಾಂಡಗಳು ಕಂಬದ ಹಾಗೆ ನಿಂತಿದ್ದವು. ನಡುರಾತ್ರಿ ಎದ್ದವನು ಕೆಲಸ ಮುಗಿಸಿ, ನಲವತ್ತು ವರ್ಷದ ಅಭ್ಯಾಸಬಲದಲ್ಲಿ ಕೂತಲ್ಲೇ ಚೊಂಬು ಎತ್ತಿ ತೊಳೆದುಕೊಂಡೆ. ಸಾಲದ್ದಕ್ಕೆ ಉಳಿದ ಅರ್ಧ ಚೊಂಬನ್ನೂ ಬಕೆಟ್ಟಿಗೆ ಸುರಿದು ಬಂದು ಮಲಗಿದೆ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಮಾವ ತೆಪ್ಪದ ಈ ತುದಿಗೆ ಬಂದು ಕೂತಿದ್ದರು, ಮೂಗಿಗೆ ಟವೆಲ್ಲು. ಯಾರದು ಅಂತ ಯಾರೂ ಕೇಳಲಿಲ್ಲ. ನಾನೇ ಹೇಳಿಕೊಂಡೆ. ತಮ್ಮ ಅರ್ಧ ಚೀಲ ಒಣ ಪುಡಿ, ಒಂದು ಮೊರ ಒಲೆ ಬೂದಿ ಹಾಕಿ, ಕೋಲಿನಲ್ಲಿ ಕಲಕಿ, ಮುಚ್ಚಳ ತೆರೆದು ಬಿಸಿಲಿಗಿಟ್ಟ. ಸಂಜೆಗೆ ವಾಸನೆ ಇಳಿಯಿತು. ಬೂದಿ ತೇವ ಹೀರುತ್ತದೆ, ಆದರೆ ದಿನಾ ಸುರಿದರೆ ಕ್ಷಾರ ಜಾಸ್ತಿಯಾಗಿ ಕೊಳೆಯಿಸುವ ಜೀವಿಗಳಿಗೇ ಕಷ್ಟವಂತೆ.

ಉಚ್ಚೆಯ ಕ್ಯಾನಿನ ಉಪದ್ರ ಬೇರೆ. ಒಬ್ಬೊಬ್ಬರಿಗೆ ದಿನಕ್ಕೆ ಹತ್ತಿರ ಒಂದೂವರೆ ಲೀಟರು. ಮೂವರಿಗೆ 5 ಲೀಟರಿನ ಕ್ಯಾನು ಒಂದು ದಿನಕ್ಕೇ ಭರ್ತಿ. ಬಕೆಟ್ಟು ವಾರಗಟ್ಟಲೆ ಕಾಯುತ್ತದೆ, ಕ್ಯಾನು ಕಾಯುವುದಿಲ್ಲ. ಒಂದಕ್ಕೆ ಹತ್ತರಷ್ಟು ನೀರು ಬೆರೆಸಿ ದಿನಕ್ಕೊಂದು ತೆಂಗಿನ ಪಾತಿಗೆ ಹಾಕಿದೆವು, ನೀರಿನಂಚಿನ ಗಿಡ ಬಿಟ್ಟು. ಕ್ಯಾನಿನೊಳಗೆ ಕಟ್ಟುವ ಬಿಳಿ ಗಸಿಗೆ ತಮ್ಮ ಅಲ್ಲಿ ವಿನೆಗರ್ ಹಾಕುತ್ತಾನೆ. ಇಲ್ಲಿ ಅತ್ತೆ ಕೊಟ್ಟ ಹುಣಸೆ ಹುಳಿ ನಡೆಯಿತು.

ಎರಡನೇ ಸಂಜೆ ಬಕೆಟ್ ಖಾಲಿ ಮಾಡುವ ಮಾತು ಬಂತು. ಮಾವ ತೋಟದಾಳಿನ ಕಡೆ ತಿರುಗಿದರು. ತಮ್ಮ ತಡೆದ, "ದೋಣಿಯೊಳಗೆ ಅವರವರದ್ದು ಅವರವರೇ, ಮಾವ." ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿಕ್ಕಂದಿನಲ್ಲಿ ದುರ್ಗದ ಗಲ್ಲಿಯಲ್ಲಿ ತಲೆ ಮೇಲೆ ಮಲದ ತಗಡಿನ ಡಬ್ಬ ಹೊತ್ತು ಬರುತ್ತಿದ್ದ ಹೆಂಗಸನ್ನು ನೆನೆದರು. ಮಳೆ ಬಂದರೆ ಡಬ್ಬದ್ದು ಆಕೆಯ ಮುಖದ ಮೇಲೆ ಇಳಿಯುತ್ತಿತ್ತು. ಆ ತಲೆಹೊರೆಯನ್ನು 1970ರ ದಶಕದಲ್ಲಿ ರಾಜ್ಯದಲ್ಲಿ ನಿಲ್ಲಿಸಲು ಹೊರಟ ಸಚಿವರು ಬಿ. ಬಸವಲಿಂಗಪ್ಪ, ಹರಿಹರದ ನೆಲದವರು. ದೇಶಕ್ಕೆ ಕಾನೂನು ಬಂದಿದ್ದು 1993ರಲ್ಲಿ, ಇನ್ನೂ ಬಿಗಿಯಾಗಿ 2013ರಲ್ಲಿ. ಇಂಗ್ಲೆಂಡಿನ ದೋಣಿಯವನಿಗೆ ಬಕೆಟ್ ಎತ್ತುವುದು ಬರೀ ಹೇಸಿಗೆಯ ಪ್ರಶ್ನೆ. ನಮ್ಮಲ್ಲಿ ಅದನ್ನು ಯಾರ ಕೈಗೆ ಕೊಡುತ್ತೇವೆ ಅನ್ನುವುದೇ ಮೊದಲ ಪ್ರಶ್ನೆ. ಮಾವ ಪಂಚೆ ಎತ್ತಿ ಕಟ್ಟಿದರು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು ಹಿಡಿಕೆ ಹಿಡಿದೆವು. ತೂಕ ನಾನೆಣಿಸಿದ ಅರ್ಧದಷ್ಟೂ ಇರಲಿಲ್ಲ. ಬಗ್ಗಿ ನೋಡಿದರೆ ಕಂಡಿದ್ದು ಬರೀ ಕಂದು ಪುಡಿ.

ಅದು ಗೊಬ್ಬರ ಆಗಿಬಿಟ್ಟಿತ್ತು ಅಂದುಕೊಳ್ಳಬೇಡಿ. ಕಾಂಪೋಸ್ಟ್ ಕಕ್ಕಸು ಅಂತ ಹೆಸರು ದೊಡ್ಡದು, ದೋಣಿಯಲ್ಲಿ ನಡೆಯುವುದು ಬರೀ ಒಣಗಿಸುವ ಕೆಲಸ. ಜಂತಿನ ಮೊಟ್ಟೆ ಸಾಯಬೇಕಾದರೆ ರಾಶಿ ಚೆನ್ನಾಗಿ ಕಾಯಬೇಕು, ಇಲ್ಲವೇ ನಮ್ಮ ಹವೆಯಲ್ಲಿ ವರ್ಷದ ಮೇಲೆ ಮುಚ್ಚಿಟ್ಟಿರಬೇಕು. ತಮ್ಮನ ಗೋಳೂ ಅದೇ. ಮೊದಲೆಲ್ಲ ಅಲ್ಲಿನ ದೋಣಿಯವರು ಒಣಗಿದ್ದನ್ನು ಚೀಲ ಕಟ್ಟಿ ಕಾಲುವೆ ದಂಡೆಯ ಕಸದ ತೊಟ್ಟಿಗೆ ಹಾಕುತ್ತಿದ್ದರು. 2021ರ ಕೊನೆಗೆ ಅದು ಬಂದ್ ಆಯಿತು. ಈಗ ಅವನ ದೋಣಿಯ ನೆತ್ತಿಯ ಮೇಲೆ ಮೂರು ಮುಚ್ಚಿದ ಡಬ್ಬ, ಚಳಿಗಾಲದಲ್ಲಿ ಮಂಜು ಹೊದ್ದುಕೊಂಡು ಮಾಗುವುದೇ ಇಲ್ಲ. ಹಾಗಾದರೆ ಎಲ್ಲರ ಹಾಗೆ ನೀರಿನ ಕಕ್ಕಸು ಯಾಕಿಲ್ಲ ಅಂದೆ. ಕಾಲುವೆ ಹೆಪ್ಪುಗಟ್ಟಿದ ವಾರ ದೋಣಿ ಅಲ್ಲಾಡುವುದಿಲ್ಲ, ತುಂಬಿದ ತೊಟ್ಟಿ ಖಾಲಿ ಮಾಡುವ ಕಟ್ಟೆಗೆ ಹೋಗಲಾಗುವುದಿಲ್ಲ. ಅಂಥ ಒಂದು ವಾರ ಅನುಭವಿಸಿದ್ದಾನೆ, ವಿವರ ಹೇಳಲಿಲ್ಲ.

ಮಾವನಿಗೆ ಬಿಸಿಲಿನ ಬರವಿಲ್ಲ. ದಿಬ್ಬದ ಎತ್ತರದ ಜಾಗದಲ್ಲಿ ಕಲ್ಲಿನ ಮೇಲೆ ಡ್ರಮ್ಮು ಕೂರಿಸಿ ಬಕೆಟ್ಟನ್ನು ಅದಕ್ಕೆ ಬಗ್ಗಿಸಿದೆವು. ಮೇಲೆ ಒಣ ತರಗು, ಒಂದು ಬುಟ್ಟಿ ಸಗಣಿ ಪುಡಿ. ಮಾವ ಕೈ ಕಾಲು ತೊಳೆದು, ಸಾಬೂನು ಹಾಕಿ ಮತ್ತೆ ತೊಳೆದು, ಕೈ ಮೂಸಿ ನೋಡಿಕೊಂಡರು.

ಮೂರನೇ ದಿನ ಬೆಳಿಗ್ಗೆ ಅತ್ತೆ ರೊಟ್ಟಿ ಬುತ್ತಿ ತಂದವರು ಎಲ್ಲ ಸುತ್ತಿ ನೋಡಿದರು. ಗೋಣಿತಾಟಿನ ಮರೆಗೆ ಹೋಗಿ ಐದು ನಿಮಿಷ ಬಿಟ್ಟು ಬಂದರು. ಚಿಪ್ಪಿನಲ್ಲಿ ಪುಡಿ ಉದುರಿಸಿದ ಸದ್ದು ಕೇಳಿತ್ತು, ಆಮೇಲೆ ಆ ಕಡೆ ದಬ್ಬೆಯ ಮೇಲೆ ನೀರಿನ ಸದ್ದು. ನಾನು ರಾತ್ರಿ ತಪ್ಪಿದ್ದನ್ನು ಅವರು ಮೊದಲ ಸಲಕ್ಕೇ ಸರಿ ಮಾಡಿದ್ದರು. ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಇಲ್ಲ. ಡ್ರಮ್ಮಿನ ಹತ್ತಿರ ಹೋಗಿ, "ಯಾವಾಗ ತೆಗೀಬೇಕು?" ಅಂದರು.

"ಮುಂದಿನ ವರ್ಷ ದೀಪಾವಳಿ ಕಳೀಲಿ ಅತ್ತೆ. ತೆಂಗಿಗೆ ಮಾತ್ರ, ಸೊಪ್ಪಿಗೆ ಬ್ಯಾಡ."

ಅತ್ತೆ ಸುಣ್ಣದಲ್ಲಿ ಬೆರಳು ಅದ್ದಿ ಡ್ರಮ್ಮಿನ ಮೈ ಮೇಲೆ ತಾರೀಖು ಬರೆದರು. ಕೆಳಗೆ, ಯಾರಾದರೂ ಕಳ್ಳು ಗಿಳ್ಳು ಅಂದುಕೊಂಡಾರು ಅಂತ, ದಪ್ಪಕ್ಕೆ ಇನ್ನೊಂದು ಸಾಲು: "ಮುಟ್ಟಬ್ಯಾಡಿ."