ಇಪ್ಪತ್ತೈದನೇ ಸಾಲಿನ ಚೀಲಗಳು

ಹತ್ತನೇ ತರಗತಿಗೆ ಸಮಾಂತರ ಶ್ರೇಢಿ ಶುರು ಮಾಡುವಾಗ ನಾನು ಮೊದಲ ದಿನ ಸೂತ್ರ ಬರೆಯುವುದಿಲ್ಲ. ಬೋರ್ಡಿನ ಮೇಲೆ 2, 4, 8 ಎಂದು ಬರೆದು, ಮುಂದೇನು ಅಂತ ಕೇಳುತ್ತೇನೆ. ಈ ವರ್ಷವೂ ಕ್ಲಾಸೆಲ್ಲ "ಹದಿನಾರು" ಅಂತ ಕೂಗಿತು. ಒಬ್ಬ ಹುಡುಗ ಮಾತ್ರ "ಹದಿನಾಲ್ಕು ಯಾಕ ಆಗಬಾರದ್ರಿ ಸರ್?" ಅಂದ. ಮೊದಲು 2 ಹೆಚ್ಚಾಯಿತು, ಆಮೇಲೆ 4 ಹೆಚ್ಚಾಯಿತು, ಈಗ 6 ಹೆಚ್ಚಾಗಲಿ ಎಂಬುದು ಅವನ ಲೆಕ್ಕ. ಎರಡೂ ಸರಿ. ಬರೀ ಮೂರು ಸಂಖ್ಯೆ ನೋಡಿ ನಾಲ್ಕನೆಯದು ಇಂಥದ್ದೇ ಎಂದು ಹೇಳಲು ಆಗುವುದಿಲ್ಲ, ನಿಯಮ ಯಾವುದು ಅಂತ ಗೊತ್ತಿರಬೇಕು. ಇದು ಮೊದಲ ದಿನವೇ ತಲೆಗೆ ಹೋದರೆ, ಪ್ರತಿ ಸಲ ಒಂದೇ ಸಂಖ್ಯೆ ಕೂಡುತ್ತಾ ಹೋಗುವುದು ಇಂಥ ಹಲವು ನಿಯಮಗಳಲ್ಲಿ ಒಂದು, ಅದಕ್ಕೇ ಸಮಾಂತರ ಶ್ರೇಢಿ ಅನ್ನುತ್ತಾರೆ ಎಂದು ಹೇಳುವುದು ಸುಲಭ.

ನಮ್ಮದು ಕೊಪ್ಪಳ ಜಿಲ್ಲೆಯ, ಗಂಗಾವತಿ ಕಡೆಯ ಸರ್ಕಾರಿ ಹೈಸ್ಕೂಲು. ತುಂಗಭದ್ರೆಯ ಕಾಲುವೆ ನೀರಿನಿಂದ ಸುತ್ತಲೂ ಭತ್ತದ ಗದ್ದೆ. ದಾರಿಯುದ್ದಕ್ಕೂ ರೈಸ್ ಮಿಲ್ಲುಗಳು. ಎಷ್ಟೋ ಮಕ್ಕಳ ಅಪ್ಪಂದಿರು ಅಲ್ಲೇ ಹಮಾಲರು. ಹಾಗಾಗಿ ಪುಸ್ತಕದಲ್ಲಿರುವ ಮರದ ದಿಮ್ಮಿಗಳ ಲೆಕ್ಕವನ್ನು ನಾನು ಭತ್ತದ ಚೀಲಕ್ಕೆ ಬದಲಾಯಿಸಿಕೊಂಡೆ. ಕೆಳಗಿನ ಸಾಲಿನಲ್ಲಿ 20 ಚೀಲ, ಅದರ ಮೇಲೆ 19, ಅದರ ಮೇಲೆ 18, ಹೀಗೆ ಒಂದೊಂದೇ ಕಡಿಮೆಯಾಗುತ್ತಾ ಹೋಗುತ್ತದೆ. ಒಟ್ಟು 200 ಚೀಲ ಇದ್ದರೆ ಎಷ್ಟು ಸಾಲು ಆಗುತ್ತವೆ?

"ಚೀಲ ಹಂಗ ಒಟ್ಟಂಗಿಲ್ರಿ ಸರ್," ಅಂತ ತಕ್ಷಣ ಒಬ್ಬ ತಕರಾರು ತೆಗೆದ. "ಒಂದು ಸಾಲು ಉದ್ದಕ, ಮ್ಯಾಲಿನ ಸಾಲು ಅಡ್ಡ ಹಾಕ್ತಾರ. ಇಲ್ಲಂದ್ರ ಜಾರಿ ಬೀಳ್ತಾವ." ಅವನು ಹೇಳಿದ್ದು ನಿಜ. ಇಂಥ ತಕರಾರು ನನಗೆ ಬಹಳ ಇಷ್ಟ. ಲೆಕ್ಕದಲ್ಲಿ ಬರುವ ಚೀಲವನ್ನು ಅವನು ಕಣ್ಣ ಮುಂದೆ ತಂದುಕೊಂಡಿದ್ದಾನೆ ಅಂತ ಅರ್ಥ ಅಲ್ವಾ? ಇವತ್ತಿಗೆ ಹೀಗೆ ಒಟ್ಟಿದ್ದಾರೆ ಅಂದುಕೊಳ್ಳೋಣ ಎಂದು ಒಪ್ಪಿಸಿ ಮುಂದೆ ಹೋದೆ.

ಹಿಂದಿನ ದಿನವೇ ಎಲ್ಲರೂ ಹುಣಸೆ ಬೀಜ ತಂದಿಡಲು ಹೇಳಿದ್ದೆ. ನೆಲದ ಮೇಲೆ 20, 19, 18 ಅಂತ 1ರವರೆಗೆ ಬೀಜದ ಸಾಲು ಜೋಡಿಸಿದರು. ಪಕ್ಕದ ಗುಂಪು ಅದನ್ನೇ ತಲೆಕೆಳಗಾಗಿ ಜೋಡಿಸಿತು. 20ರ ಪಕ್ಕ 1, 19ರ ಪಕ್ಕ 2, 18ರ ಪಕ್ಕ 3. ಯಾವ ಸಾಲು ಎಣಿಸಿದರೂ 21 ಬೀಜ. ಅಂಥ 20 ಸಾಲು, ಅಂದರೆ 420. ಅದರಲ್ಲಿ ಅರ್ಧ 210. ಮೊದಲ ಸಾಲಿಗೆ ಕೊನೆಯ ಸಾಲು ಕೂಡಿ, ಸಾಲುಗಳ ಸಂಖ್ಯೆಯಿಂದ ಗುಣಿಸಿ, ಅರ್ಧ ಮಾಡುವ ಸೂತ್ರವನ್ನು ಬೋರ್ಡಿಗೆ ನಾನು ಹಾಕುವ ಮೊದಲೇ ಅದು ನೆಲದ ಮೇಲಿತ್ತು.

ಈಗ 200 ಚೀಲದ ಲೆಕ್ಕ. ಮೊದಲ ಪದ 20, ವ್ಯತ್ಯಾಸ −1, ಸಾಲುಗಳ ಸಂಖ್ಯೆ n. ಸೂತ್ರದಲ್ಲಿ ಹಾಕಿ ಬಿಡಿಸಿದರೆ n² − 41n + 400 = 0 ಬರುತ್ತದೆ. ಅಪವರ್ತನ ಒಂಬತ್ತನೇ ತರಗತಿಯಲ್ಲೇ ಕಲಿತಿದ್ದರು. 16 ಮತ್ತು 25 ಎಂದು ಎರಡು ಉತ್ತರ ಬಂದವು. 16ನೇ ಸಾಲಿನಲ್ಲಿ 5 ಚೀಲ, ಸರಿಯಾಗಿದೆ. 25ನೇ ಸಾಲಿನಲ್ಲಿ −4 ಚೀಲ. ಇಲ್ಲಿಗೆ ಬಂದಾಗ ಎಲ್ಲ ಮೇಷ್ಟ್ರುಗಳು ಹೇಳುವ ಮಾತನ್ನೇ ನಾನೂ ಹೇಳಿದೆ. ಚೀಲ ಋಣ ಸಂಖ್ಯೆ ಆಗುವುದಿಲ್ಲ, ಅದಕ್ಕೆ 25 ಬಿಡಬೇಕು.

ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಪೆನ್ನು ಹಿಡಿದು ಹಾಗೇ ಕೂತಿದ್ದಳು. ಮಾತು ಕಡಿಮೆ ಆಕೆಯದು. ಏನವ್ವ ಅಂದೆ.

"ಸರ್, ಇಪ್ಪತ್ತೈದು ಹಾಕಿದ್ರೂ ಇನ್ನೂರೇ ಬರ್ತೈತಲ್ರಿ. ಸುಮ್ನೆ ಹೆಂಗ ಬರ್ತೈತಿ?"

ಬಾರವ್ವ, ನೀನೇ ಕೂಡಿಸಿ ನೋಡು ಎಂದು ಚಾಕ್‌ಪೀಸ್ ಕೊಟ್ಟೆ. ಇಪ್ಪತ್ತು ಸಾಲಿಗೆ 210. ಇಪ್ಪತ್ತೊಂದನೇ ಸಾಲು ಸೊನ್ನೆ. ಆಮೇಲೆ −1, −2, −3, −4. ಅಲ್ಲಿಗೆ ನಿಂತಳು. ಬೋರ್ಡಿನ ಕಡೆ ಮುಖ ಮಾಡಿಕೊಂಡೇ, "ಪೂರ್ತಿ ತುದಿ ತನಕ ಒಟ್ಟಿ, ಆಮ್ಯಾಲೆ ಹತ್ತು ಚೀಲ ಇಳಿಸಿದಂಗ ಆತಲ್ರಿ ಸರ್" ಅಂದಳು.

ನಾನು ಆ ಮಾತನ್ನು ಇಡೀ ಕ್ಲಾಸಿಗೆ ಇನ್ನೊಮ್ಮೆ ಹೇಳಿಸಿದೆ. ಹದಿನಾರು ಸಾಲಿಗೆ ನಿಲ್ಲಿಸಿದರೆ ಮೇಲಿನ 4, 3, 2, 1 ಸಾಲುಗಳು ಇನ್ನೂ ಹಾಕಿಲ್ಲ, ಹತ್ತು ಚೀಲ ಕಮ್ಮಿ. ಇಪ್ಪತ್ತೈದಕ್ಕೆ ಹೋದರೆ ಎಲ್ಲ ಹಾಕಿ, 1, 2, 3, 4 ಅಂತ ಹತ್ತು ಚೀಲ ವಾಪಸ್ ಇಳಿಸಿದ್ದೇವೆ. ಎರಡೂ ಸಲ ಉಳಿಯುವುದು 200. ಬೇಡ ಅಂತ ಬಿಟ್ಟ ಉತ್ತರಕ್ಕೂ ಒಂದು ಕೆಲಸ ಇತ್ತು. ಅದನ್ನು ಕಂಡವಳು ಅಪ್ಪನಿಗೆ ಬುತ್ತಿ ಕೊಡಲು ಹೋಗಿ, ಮಿಲ್ಲಿನಲ್ಲಿ ಲಾರಿ ತುಂಬುವುದನ್ನೂ ಇಳಿಸುವುದನ್ನೂ ನೋಡುತ್ತಾ ಬೆಳೆದ ಹುಡುಗಿ. ಅವಳು ಗಣಿತದಲ್ಲಿ ಹಿಂದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅವತ್ತು ಇನ್ನೊಂದು ವಿಷಯ ಹೇಳದೆ ಇರಲಾಗಲಿಲ್ಲ. ಮೊತ್ತ ಗೊತ್ತಿದ್ದು ಪದಗಳ ಸಂಖ್ಯೆ ಹುಡುಕುವ ಈ ಲೆಕ್ಕ ಹೊಸದೇನಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಅದಕ್ಕೆ ವರ್ಗಮೂಲ ಹಿಡಿದು ಬಿಡಿಸುವ ನಿಯಮವೇ ಇದೆ. ಇವತ್ತಿನ ಅಕ್ಷರಗಳಲ್ಲಿ ಬರೆದು ನಮ್ಮ 20, −1, 200 ಹಾಕಿದೆವು. 81ರ ವರ್ಗಮೂಲ ಬೇಕಾಯಿತು. 9 ಅಂತ ಹಿಡಿದರೆ 16 ಬರುತ್ತದೆ. −9 ಅಂತ ಹಿಡಿದರೆ ಬರುವುದು ಅದೇ 25. ಜರ್ಮನಿಯ ಗಣಿತಜ್ಞ ಗೌಸ್ ಚಿಕ್ಕವನಿದ್ದಾಗ 1ರಿಂದ 100ರವರೆಗೆ ಥಟ್ಟನೆ ಕೂಡಿಸಿ 5050 ಅಂದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಚಂದದ ಕತೆ, ನಾನೂ ಹೇಳುತ್ತೇನೆ. ಆದರೆ ಗೌಸ್ ಹುಟ್ಟಿದ್ದು 1777ರಲ್ಲಿ. ಅದಕ್ಕೆ ಸುಮಾರು ಒಂಬತ್ತು ನೂರು ವರ್ಷ ಮೊದಲೇ, ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಶ್ರೇಢಿಗಳ ಬಗ್ಗೆ ವಿವರವಾಗಿ ಬರೆದಿದ್ದ. ಅದೇ ನೃಪತುಂಗನ ಆಸ್ಥಾನದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ಊರುಗಳ ಪೈಕಿ ಕೊಪಣ ನಗರದ ಹೆಸರಿದೆ. ಕೊಪಣ ಅಂದರೆ ನಮ್ಮ ಕೊಪ್ಪಳ. ಇದನ್ನು ಕೇಳಿ ಮಕ್ಕಳು ನೆಟ್ಟಗೆ ಕೂತರು. ಈ ಲೆಕ್ಕ ಎಲ್ಲೋ ದೂರದವರದ್ದಲ್ಲ ಅಂತ ಅವರಿಗೆ ಅನ್ನಿಸಬೇಕು. ನನಗೆ ಅದು ಬಹಳ ಮುಖ್ಯ.

ಬೆಲ್ ಹೊಡೆಯುವ ಹೊತ್ತಿಗೆ ಬರಬೇಕಾದ ಪ್ರಶ್ನೆ ಬಂತು. "ಪರೀಕ್ಷೆದಾಗ ಏನು ಬರೀಬೇಕ್ರಿ?" ಎಷ್ಟು ಸಾಲು ಅಂತ ಕೇಳಿದ್ದಾರೆ, 16 ಅಂತಲೇ ಬರೆಯಿರಿ ಅಂದೆ. 25 ಯಾಕೆ ಬಿಟ್ಟಿರಿ ಅನ್ನುವುದನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಸುಮ್ನೆ ಹೊಡೆದು ಹಾಕಬೇಡಿ ಅಂದೆ. ಮನೆಗೆಲಸಕ್ಕೆ ಅದೇ ಚೀಲ, ಮೊತ್ತ ಮಾತ್ರ 155.

ಮರುದಿನ ಉತ್ತರ 10 ಮತ್ತು 31 ಅಂತ ತಂದರು. ಹದಿನಾಲ್ಕು ಅಂದಿದ್ದ ಹುಡುಗ ಎದ್ದು ನಿಂತ. "ಸರ್, 16ಕ್ಕ 25 ಕೂಡಿದ್ರೂ 41, 10ಕ್ಕ 31 ಕೂಡಿದ್ರೂ 41." ಯಾಕೆ ಅಂತ ಕೇಳಿದೆ. ಅವನಿಗಿಂತ ಮೊದಲು ಆ ಹುಡುಗಿ ಹೇಳಿದಳು. ಹತ್ತು ಸಾಲು ಹಾಕಿದರೆ ಮೇಲೆ ಹತ್ತು ಸಾಲು ಬಾಕಿ. ಅವನ್ನೂ ಹಾಕಬೇಕು, ನಡುವೆ ಸೊನ್ನೆಯ ಸಾಲು ಒಂದು, ಆಮೇಲೆ ಬಾಕಿ ಇದ್ದಷ್ಟೇ ಸಾಲು ಇಳಿಸಬೇಕು. ಹತ್ತು, ಹತ್ತು, ಒಂದು, ಹತ್ತು. ಮೂವತ್ತೊಂದು. ಎಷ್ಟು ಸಾಲಿಗೆ ನಿಲ್ಲಿಸಿದರೂ ಎರಡು ಉತ್ತರ ಕೂಡಿ 41 ಆಗಲೇಬೇಕು. ಅಷ್ಟರಲ್ಲಿ ಹುಡುಗ ಮುಂದಿನ ಪ್ರಶ್ನೆ ಇಟ್ಟಿದ್ದ: ಕೆಳಗಿನ ಸಾಲಿನಲ್ಲಿ 20ರ ಬದಲು 33 ಚೀಲ ಇದ್ದರೆ ಆ 41ರ ಜಾಗದಲ್ಲಿ ಏನು ಬರುತ್ತದೆ? ಹುಣಸೆ ಬೀಜದ ಡಬ್ಬಿ ಮತ್ತೆ ಕೆಳಗಿಳಿಯಿತು.