ಉದಾಸೀನ ಎಂಬ ಪದ ಮತ್ತು ಹತ್ತು ಮಿಲಿಗ್ರಾಂ

ಚಿಕ್ಕಂದಿನಿಂದ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪದ ‘ಉದಾಸೀನ’. ಘಟ್ಟದ ಮೇಲಿನವರಿಗೆ ಅದು ಅಲಕ್ಷ್ಯ, ತಾತ್ಸಾರ. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದ ನಮ್ಮಂಥವರ ಮನೆಗಳಲ್ಲಿ ಮೈಗಳ್ಳತನ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಲೆಕ್ಕದ ಪುಸ್ತಕ ಅರ್ಧಕ್ಕೆ ನಿಂತರೆ ಉದಾಸೀನ, ನಾನು ಕಾಯಬೇಕಿದ್ದ ಹಾಲು ಉಕ್ಕಿದರೆ ಉದಾಸೀನ, ಲೋಕಲ್ ಗಾಡಿಯಲ್ಲಿ ಕೊಡೆ ಬಿಟ್ಟು ಬಂದರೂ ಉದಾಸೀನ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಠಾಣೆಯ ಒಬ್ಬ ಮನೋವೈದ್ಯರ ಎದುರು ಕುಳಿತು ಆ ಪದವನ್ನು ಮರಾಠಿಯಲ್ಲಿ ಹೇಳಬೇಕಾಗಿ ಬಂದಾಗಲೇ ಅದರೊಳಗೆ ಏನೇನನ್ನು ತುಂಬಿಟ್ಟಿದ್ದೆವು ಎಂಬುದು ನನಗೆ ಕಂಡದ್ದು.

ವೈದ್ಯರ ಬಳಿಗೆ ನನ್ನನ್ನು ಕಳಿಸಿದ್ದು ನನ್ನ ಉದ್ಯೋಗ. ಬಲ್ಲಾರ್ಡ್ ಎಸ್ಟೇಟ್‌ನ ಒಂದು ಕಚೇರಿಯಲ್ಲಿ, ನ್ಹಾವಾ ಶೇವಾ ಬಂದರಿನಿಂದ ಹೊರಡುವ ಕಂಟೇನರ್‌ಗಳ ಕಾಗದಪತ್ರ ಸಿದ್ಧಪಡಿಸುವ ಕೆಲಸ ನನ್ನದು. ಕಂಟೇನರಿನ ಸಂಖ್ಯೆಯಲ್ಲಿ ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿಯು ಹಿಂದಿನ ಹತ್ತರಿಂದ ಲೆಕ್ಕ ಹಾಕಿ ಬರುವಂಥದು, ತಪ್ಪು ಹಿಡಿಯಲೆಂದೇ ಇರುವಂಥದು. ಹಾಗಾಗಿ ಅಲ್ಲಿ ಎಡವಿದರೆ ಕಂಪ್ಯೂಟರೇ ಕೂಗಿ ಹೇಳುತ್ತದೆ. ತೂಕದ ಎರಡು ಅಂಕಿಗಳು ಅದಲುಬದಲಾದರೆ, ಸರಕು ಪಡೆಯುವವರ ವಿಳಾಸದಲ್ಲಿ ಒಂದು ಸಾಲು ಬಿಟ್ಟುಹೋದರೆ ಹೇಳುವವರಿಲ್ಲ. ಬಿಲ್ ಆಫ್ ಲೇಡಿಂಗ್, ಅಂದರೆ ಸಾಗಿಸಲು ಪಡೆದ ಸರಕಿಗೆ ಕೊಡುವ ರಸೀದಿಪತ್ರ, ಹಡಗಿನ ಕಂಪನಿಯಿಂದ ಹೊರಬಿದ್ದ ಮೇಲೆ ಅದನ್ನು ತಿದ್ದಿಸಲು ಶುಲ್ಕ ತೆರಬೇಕು, ಮೇಲಿನವರಿಗೆ ವಿವರಣೆ ಕೊಡಬೇಕು. ಇದನ್ನು ತಪ್ಪಿಸಲು ನಾನು ಹದಿನಾಲ್ಕು ವರ್ಷ ಪ್ರತಿ ಹಾಳೆಯನ್ನೂ ಮೂರು ಸಲ ತುಟಿ ಅಲ್ಲಾಡಿಸುತ್ತ ಓದಿದ್ದೇನೆ, ಎಲ್ಲರೂ ಹೋದ ಮೇಲೆ ಒಂದೂವರೆ ಗಂಟೆ ಹೆಚ್ಚು ಕುಳಿತಿದ್ದೇನೆ. ಒಂದೇ ತಿಂಗಳಲ್ಲಿ ಮೂರು ತಿದ್ದುಪಡಿಗಳಾದಾಗ, ತಮ್ಮ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ ಇದೆಯೆಂದು ತಿಳಿದಿದ್ದ ಸಹೋದ್ಯೋಗಿಯೊಬ್ಬರು, ನೀವೂ ಒಮ್ಮೆ ತೋರಿಸಿ ನೋಡಿ ಎಂದರು.

ಈ ತೊಂದರೆಯನ್ನು ಹಿಡಿದುಕೊಡುವ ರಕ್ತಪರೀಕ್ಷೆಯಾಗಲೀ ಸ್ಕ್ಯಾನ್ ಆಗಲೀ ಇಲ್ಲ. ವೈದ್ಯರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಿದ್ರೆಯ ಬಗ್ಗೆ, ಖಿನ್ನತೆಯ ಬಗ್ಗೆ ದೀರ್ಘವಾಗಿ ಕೇಳಿದರು, ಹದಿನೆಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ತುಂಬಿಸಿದರು. ಬಳಿಕ, ಬಾಲ್ಯದಲ್ಲಿ ನನ್ನನ್ನು ನೋಡಿದ ಯಾರನ್ನಾದರೂ ಕರೆತರಬೇಕೆಂದರು. ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ವಯಸ್ಕರಲ್ಲಿ ಆರರ ಬದಲು ಐದು ಲಕ್ಷಣಗಳು ಸಾಕು. ಆದರೆ ಅವುಗಳಲ್ಲಿ ಹಲವು ಹನ್ನೆರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಉಳಿದ ಸಾಕ್ಷಿ ಅಮ್ಮ ಒಬ್ಬರೇ.

ಅಮ್ಮನಿಗೆ ಮರಾಠಿ ಅರ್ಥವಾಗುತ್ತದೆ, ಮಾತು ಮಾತ್ರ ತರಕಾರಿ ಮಾರುಕಟ್ಟೆಗೆ ಸಾಲುವಷ್ಟು. ಹೀಗಾಗಿ ನನ್ನ ಮೇಲಿನ ದೂರುಗಳನ್ನು ನಾನೇ ವೈದ್ಯರಿಗೆ ಅನುವಾದಿಸಿ ಕೊಡಬೇಕಾಯಿತು. ‘ಸಣ್ಣದಿರುವಾಗಿನಿಂದ ಇವಳಿಗೆ ಭಾರೀ ಉದಾಸೀನ’ ಎಂದು ಅಮ್ಮ ಶುರುಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ವೈದ್ಯರು ಪೆನ್ನೆತ್ತಿ, ‘ಮ್ಹಣಜೇ ಲಹಾನಪಣಾಪಾಸೂನ್ ಉದಾಸ್ ಅಸಾಯಚೀ?’ ಎಂದರು. ಅಂದರೆ, ಚಿಕ್ಕಂದಿನಿಂದ ಉದಾಸ್ ಆಗಿರುತ್ತಿದ್ದಳೇ ಎಂದು. ಮರಾಠಿಯಲ್ಲಿ ಉದಾಸ್ ಎಂದರೆ ದುಃಖ. ಖಿನ್ನತೆಯ ಜಾಡು ಹಿಡಿದು ಹೊರಟಿದ್ದ ಅವರನ್ನು ತಡೆದು, ಹಾಗಲ್ಲ, ಆಳಶೀ, ಅಂದರೆ ಸೋಮಾರಿ ಎನ್ನುತ್ತಿದ್ದಾರೆ ಎಂದೆ. ಆ ಮರಾಠಿ ಪದ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವರು ತಟ್ಟನೆ ನನ್ನ ಕಡೆಗೆ ತಿರುಗಿದರು. ‘ಆಳಶೀ ಅಂತ ಯಾಕೆ ಹೇಳ್ತಿ ಮಾರಾಯ್ತಿ? ನೀನು ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಹಿಡಿದ ಕೆಲಸ ಒಂದೂ ಮುಗೀತಿರಲಿಲ್ಲ, ಅಷ್ಟೆ.’

ಮೂವತ್ತು ವರ್ಷ ಒಂದೇ ಪದದಿಂದ ನನ್ನನ್ನು ಕರೆದವರು, ಆ ಪದ ಬೇರೆ ಭಾಷೆಯಲ್ಲಿ ಕಿವಿಗೆ ಬಿದ್ದೊಡನೆ ಅದು ಸುಳ್ಳೆಂದು ವಾದಿಸುತ್ತಿದ್ದರು. ಅಮ್ಮನ ಕೊನೆಯ ವಾಕ್ಯವನ್ನು ನಾನು ಅನುವಾದಿಸಿದೆ; ವೈದ್ಯರು ಬರೆದುಕೊಂಡದ್ದು ಅದನ್ನೇ.

ಅಮ್ಮನನ್ನು ದೂರಲು ನನಗೆ ಮನಸ್ಸಿಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದಾಗ, ಬುದ್ಧಿಗೆ ಕುಂದಿಲ್ಲದ ಆ ಮಕ್ಕಳಲ್ಲಿ ಅವರು ಗುರುತಿಸಿದ್ದು ನೈತಿಕ ನಿಯಂತ್ರಣದ ದೋಷವನ್ನು. ಓದಿದ ವೈದ್ಯರೇ ನೀತಿಯ ಮಾತಿನಿಂದ ಆರಂಭಿಸಿದ್ದರೆ ಅಮ್ಮನದೇನು ತಪ್ಪು? ನನಗೆ ಕೋಪ ಬಂದದ್ದು ಬೇರೊಂದಕ್ಕೆ. ಈ ತೊಂದರೆ ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ ಎಂದು ವೈದ್ಯರು ಹೇಳಿದ್ದರಿಂದ, ಮರಳುವಾಗ ಸ್ಲೋ ಗಾಡಿಯಲ್ಲಿ ಅಮ್ಮ ಅಪ್ಪನ ಕಥೆ ತೆಗೆದರು. ಮಾಟುಂಗಾದ ಹೋಟೆಲಿನಲ್ಲಿ ಮೇಜು ಒರೆಸುತ್ತ, ಫೋರ್ಟ್‌ನ ರಾತ್ರಿ ಶಾಲೆಯಲ್ಲಿ ಓದಿ, ಗಲ್ಲೆಯಲ್ಲಿ ಕೂರುವವರೆಗೆ ಬೆಳೆದವರು ಅವರು. ಉಗ್ರಾಣದ ಬೀಗದ ಕೈಯನ್ನು ಎರಡು ಸಲ ಕಳೆದ ಮೇಲೆ ಅದನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ನೆಂಟರಿಷ್ಟರೆಲ್ಲ ನಕ್ಕು ಹೇಳುವ ಕಥೆಯಾಗಿತ್ತು ಅದು. ಅಪ್ಪನನ್ನು ಯಾರಾದರೂ ಉದಾಸೀನ ಎಂದದ್ದುಂಟೇ ಎಂದು ಕೇಳಿದೆ. ಗಾಡಿ ದಿವಾ ದಾಟುವವರೆಗೂ ಅಮ್ಮ ಮಾತಾಡಲಿಲ್ಲ.

ಅಪ್ಪ ಹೃದಯಾಘಾತದಿಂದ ಹೋದವರಾದ್ದರಿಂದ ಇಸಿಜಿ ಮಾಡಿಸಿ, ರಕ್ತದೊತ್ತಡ ನೋಡಿದ ಮೇಲೆಯೇ ವೈದ್ಯರು ಔಷಧ ಬರೆದುಕೊಟ್ಟರು: ಮೀಥೈಲ್‌ಫೆನಿಡೇಟ್, ಬೆಳಿಗ್ಗೆ ಹತ್ತು ಮಿಲಿಗ್ರಾಂ. ನರಕೋಶಗಳು ಹೊರಬಿಟ್ಟ ಸಂದೇಶವಾಹಕ ರಾಸಾಯನಿಕಗಳಾದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಮರಳಿ ಹೀರಿಕೊಳ್ಳದಂತೆ ತಡೆದು, ಅವು ಇನ್ನಷ್ಟು ಹೊತ್ತು ಕೆಲಸ ಮಾಡುವಂತೆ ನೋಡಿಕೊಳ್ಳುವ ಮಾತ್ರೆ ಇದು. ನಮ್ಮ ದೇಶದಲ್ಲಿ ಇದು ಶೆಡ್ಯೂಲ್ ಎಕ್ಸ್‌ನಲ್ಲಿದೆ, ಅಂದರೆ ಮಾರಾಟಕ್ಕೆ ಬಿಗಿ ನಿಯಮಗಳಿರುವ ಔಷಧಗಳ ಪಟ್ಟಿಯಲ್ಲಿ. ಚೀಟಿಗೆ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು. ಡೊಂಬಿವಲಿಯಲ್ಲಿ ನಾನು ಕೇಳಿದ ನಾಲ್ಕು ಅಂಗಡಿಗಳಲ್ಲೂ ಅದು ಇರಲಿಲ್ಲ. ಕಾಗದ ಕಳೆದುಕೊಳ್ಳುವುದೇ ರೋಗವಾದವಳು ಆ ಚೀಟಿಯನ್ನು ಹಿಡಿದು ಮೂರು ದಿನ ಅಲೆದಳು.

ಮೊದಲ ದಿನ ನಡೆದದ್ದು ತೀರಾ ಸಣ್ಣದು. ಹನ್ನೊಂದು ಗಂಟೆಯ ಸುಮಾರಿಗೆ ಒಂದು ಬಿಲ್ ಆಫ್ ಲೇಡಿಂಗ್ ಓದಿ ಮುಗಿಸಿ, ಅಭ್ಯಾಸಬಲದಿಂದ ಎರಡನೆಯ ಸಲ ಓದಲು ಮೊದಲ ಸಾಲಿಗೆ ಮರಳಿದಾಗ, ಅಲ್ಲಿದ್ದದ್ದೆಲ್ಲ ನನಗೆ ಆಗಲೇ ನೆನಪಿತ್ತು. ಅಷ್ಟೆ. ಉಳಿದವರು ಇಷ್ಟು ದಿನ ಹೀಗೆಯೇ ಓದುತ್ತಿದ್ದರೇ ಎಂಬ ಯೋಚನೆ ಬಂದು, ಶೌಚಾಲಯಕ್ಕೆ ಹೋಗಿ ಸ್ವಲ್ಪ ಅತ್ತೆ.

ಆ ಸ್ಪಷ್ಟತೆ ನಾಲ್ಕು ಗಂಟೆ ಉಳಿಯುತ್ತಿತ್ತು. ಇಳಿಯುವ ಹೊತ್ತಿಗೆ ಕಾರಣವಿಲ್ಲದೆ ಸಿಡಿಮಿಡಿ. ಮಧ್ಯಾಹ್ನದ ಡಬ್ಬಿ ತುಂಬಿದಂತೆಯೇ ಮನೆಗೆ ಮರಳಿ ಅಮ್ಮನಿಗೆ ಇನ್ನೊಂದು ಚಿಂತೆ ಹತ್ತಿತು. ಎರಡನೆಯ ಮಾತ್ರೆಯನ್ನು ಐದು ಗಂಟೆಗೆ ನುಂಗಿದ ದಿನ ರಾತ್ರಿ ಎರಡರವರೆಗೂ ನಿದ್ದೆ ಬರಲಿಲ್ಲ. ಗಮನವನ್ನು ಎಲ್ಲಿಡಬೇಕೆಂದು ಮಾತ್ರೆ ಹೇಳಿಕೊಡುವುದಿಲ್ಲ ಎಂಬುದು ಅರಿವಾದದ್ದು, ಒಂದು ಭಾನುವಾರ ಬೆಳಿಗ್ಗೆ ಬ್ಯಾಂಕಿನ ಕಾಗದಗಳನ್ನು ತೆಗೆಯಬೇಕಿದ್ದವಳು ಮೂರು ಗಂಟೆ ಸಾಂಬಾರ ಪದಾರ್ಥಗಳ ಡಬ್ಬಗಳಿಗೆ ಚೀಟಿ ಅಂಟಿಸಿದಾಗ. ಆರು ವಾರಗಳ ಬಳಿಕ ವೈದ್ಯರು ನಿಧಾನವಾಗಿ ಕರಗುವ ಹದಿನೆಂಟು ಮಿಲಿಗ್ರಾಂನ ಮಾತ್ರೆಗೆ ಬದಲಾಯಿಸಿದರು. ಸಿಡಿಮಿಡಿ ಬಹಳಷ್ಟು ಇಳಿದಿದೆ. ಬೆಳಿಗ್ಗೆ ಹೊಟ್ಟೆ ತುಂಬ ಉಂಡೇ ಮಾತ್ರೆ ನುಂಗುತ್ತೇನೆ. ಕಚೇರಿಯಿಂದ ಆರೂವರೆಗೆ ಹೊರಡುತ್ತೇನೆ. ಕಳೆದ ಎರಡು ತಿಂಗಳಲ್ಲಿ ಒಂದೇ ತಿದ್ದುಪಡಿ, ಅದೂ ಗ್ರಾಹಕರ ತಪ್ಪು.

ಉದಾಸೀನ ಎಂಬ ಪದ ಮನೆಯಿಂದ ಹೋಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ದಿನವೂ ರಕ್ತದೊತ್ತಡ ಬರೆದಿಡಬೇಕು. ಈ ತಿಂಗಳ ಹನ್ನೊಂದು ಚೌಕಗಳು ಖಾಲಿ ಇವೆ. ನಿನ್ನೆ ಅಮ್ಮ ಅದರ ಮುಂದೆ ನಿಂತು ಆ ಪದದ ಅರ್ಧದವರೆಗೆ ಬಂದು, ನಿಲ್ಲಿಸಿ, ಪೆನ್ಸಿಲೊಂದನ್ನು ದಾರದಿಂದ ಕ್ಯಾಲೆಂಡರಿಗೆ ಕಟ್ಟಿದರು.